ಚಿತ್ರದ ಬೆನ್ನು

ಆ ಬೆಳಿಗ್ಗೆ ಅಂಗಡಿಯಲ್ಲಿ ಮೂವರಿದ್ದೆವು. ಗ್ರೀಸಿನಿಂದ ಬಂದು ಮೂವತ್ತು ವರ್ಷದಿಂದ ಸಿಡ್ನಿಯ ಪ್ಯಾರಮಟ್ಟಾದಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುತ್ತಿದ್ದ ಮಾಲೀಕ ಸ್ಟಾವ್ರೋಸ್, ಮಗಳ ಮದುವೆ ಫೋಟೋ ಹಿಡಿದು ನಿಂತಿದ್ದ ಒಬ್ಬ ಹೆಂಗಸು, ಕೆಲಸಕ್ಕೆ ಸೇರಿ ಇನ್ನೂ ಹತ್ತು ದಿನವಾಗಿದ್ದ ನಾನು. ನಾಲ್ಕನೆಯವರಾಗಿ ಆಂಬ್ರೋಸ್ ಬಂದರು. ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ, ಮಿರುಗುವ ಕಪ್ಪು ಬಣ್ಣ, ನೆತ್ತಿಯ ಮೇಲೆ ಆಗತಾನೇ ಒಡೆದ ಹತ್ತಿಯಂಥ ಕೂದಲು. ಕೌಂಟರಿನ ಮೇಲೆ ಸಿದ್ಧವಾಗಿದ್ದ ತಮ್ಮ ಚಿತ್ರವನ್ನು ಎತ್ತಿಕೊಂಡರು. ಮುಂದೆ ಹೇಗಿದೆಯೆಂದು ನೋಡಲೇ ಇಲ್ಲ. ತಿರುಗಿಸಿದರು. ಹೆಬ್ಬೆರಳ ಉಗುರು ಚುಚ್ಚಿ ಪರ್ರನೆ ಹರಿದರು.

ಹರಿದದ್ದು ಚಿತ್ರವನ್ನಲ್ಲ, ಅದರ ಬೆನ್ನಿಗೆ ನಾನು ಅಂಟಿಸಿದ್ದ ಕಂದು ಕಾಗದವನ್ನು. ಧೂಳು, ಹುಳು ಒಳಗೆ ಹೋಗದಿರಲೆಂದು ಫ್ರೇಮಿನ ಹಿಂಭಾಗಕ್ಕೆ ಕಾಗದ ಎಳೆದು ಅಂಟಿಸುವುದು ನಮ್ಮ ಕಸುಬಿನ ಕೊನೆಯ ಕೆಲಸ. ಹತ್ತು ದಿನದಲ್ಲಿ ನಾನು ಸುಕ್ಕಿಲ್ಲದಂತೆ ಮಾಡಲು ಕಲಿತಿದ್ದ ಕೆಲಸ ಅದೊಂದೇ.

"ಯಾರು ಇವರನ್ನೆಲ್ಲ ಮುಚ್ಚಿದ್ದು?" ಎಂದು ಗುಡುಗಿದರು.

ಫೋಟೋ ತಂದಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಕೈ ಎತ್ತಿದೆ, ಸ್ಕೂಲಿನ ಹುಡುಗಿಯ ಹಾಗೆ.

"ಇಲ್ಲಿ ಬಾ. ಓದು."

ಕ್ಯಾನ್ವಾಸನ್ನು ಎಳೆದು ಕಟ್ಟುವ ಮರದ ಪಟ್ಟಿಯ ಮೇಲೆ ಸಣ್ಣ ಅಕ್ಷರದ ಸಾಲುಗಳಿದ್ದವು. ನಾನು ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಓದಿದೆ. ಈ ಕಪ್ಪು: ನನ್ನ ಚಿಕ್ಕಮ್ಮ ಐವಿ, ಬಾಣಲೆ ತಿಕ್ಕುವಾಗ. ಈ ಅಂಚು: ಲಂಡನ್ನಿನಲ್ಲಿ ನಮ್ಮ ಬೀದಿಗೆ ಟಾರು ಹಾಕಿದವರು, ಹೆಸರು ಕೇಳಲಿಲ್ಲ, ತಪ್ಪು ನನ್ನದು. ಈ ಖಾಲಿ ಜಾಗ: ತೀರಿಕೊಂಡ ನನ್ನ ಹೆಂಡತಿ.

"ಮುಂಭಾಗ ನೋಡೋಕೆ ಊರಿದೆ. ಇವರನ್ನ ನೋಡೋಕೆ ಯಾರಿದಾರೆ? ನಾಳೆ ಯಾವನೋ ಈ ಚಿತ್ರ ತಿರುಗಿಸಿದ್ರೆ ಐವಿ ಕಾಣಬೇಕು. ನಿನ್ನ ಕಾಗದ ಕಾಣಬಾರದು. ತಿಳೀತಾ?"

ಅವರು ಮಾತಾಡಿದ್ದು ತಮ್ಮ ದ್ವೀಪದ ರಾಗದ ಇಂಗ್ಲಿಷಿನಲ್ಲಿ. ಆದರೆ ನನ್ನ ನೆನಪಿನಲ್ಲಿ ಅವರು ಯಾವಾಗಲೂ ನಮ್ಮ ಸೀತಜ್ಜಿಯ ಮೈಸೂರು ಕನ್ನಡದಲ್ಲೇ ಬೈಯುತ್ತಾರೆ. ಅದಕ್ಕೆ ಕಾರಣವಿದೆ. ಅಜ್ಜಿ ಯಾವ ಅಡಿಗೆ ಮಾಡಿದರೂ ಅದು ಯಾರ ಕೈಯದೆಂದು ಹೇಳದೆ ಬಡಿಸುತ್ತಿರಲಿಲ್ಲ. "ಇದು ಚಾಮರಾಜನಗರದ ನಾಗತ್ತೆ ಸಾರು. ಇದು ಪಕ್ಕದ್ಮನೆ ಪುಟ್ಟಮ್ಮನ ಗೊಜ್ಜು, ಬೆಲ್ಲ ಮಾತ್ರ ನಂದು." ಸೊಸೆಯರು ನಗುತ್ತಿದ್ದರು. ಅಜ್ಜಿ ನಗುತ್ತಿರಲಿಲ್ಲ. "ಕಲಿಸಿದವರ ಹೆಸರು ನುಂಗಿದವನಿಗೆ ಉಂಡಿದ್ದು ಅರಗೋದಿಲ್ಲ ಕಣ್ರೇ" ಎನ್ನುತ್ತಿದ್ದಳು. ನಂಜನಗೂಡಿನಿಂದಾಚೆ ಹೋಗದ ನಮ್ಮಜ್ಜಿಯ ಮಾತನ್ನೇ ವೆಸ್ಟ್ ಇಂಡೀಸಿನಲ್ಲಿ ಹುಟ್ಟಿದ ಈ ಮುದುಕ ಸಿಡ್ನಿಯ ಅಂಗಡಿಯೊಂದರಲ್ಲಿ ಕಿರುಚುತ್ತಿದ್ದರು. ನನಗೆ ಭಯಕ್ಕಿಂತ ಹೆಚ್ಚಾಗಿ ಊರು ನೆನಪಾಗಿ ಕಣ್ಣು ತುಂಬಿತು.

"ಅಳ್ಬೇಡ, ಚಿತ್ರಕ್ಕೆ ನೀರು ಬೀಳುತ್ತೆ. ಯಾವೂರು?" ಎಂದರು.

"ಮೈಸೂರು."

"ಸರಿ, ಮಿಸ್ ಮೈಸೂರ್. ಇನ್ಮೇಲೆ ನನ್ನ ಚಿತ್ರದ ಬೆನ್ನು ಮುಚ್ಚಬೇಡ."

ಅಂದಿನಿಂದ ನಾನು ಅವರಿಗೆ ಮಿಸ್ ಮೈಸೂರ್. ಎರಡು ಮಕ್ಕಳ ತಾಯಿ ಎಂದು ಎಷ್ಟು ಹೇಳಿದರೂ ಮಿಸೆಸ್ ಆಗಲೇ ಇಲ್ಲ.

ಆಂಬ್ರೋಸರ ಚಿತ್ರ ಮೊದಲ ನೋಟಕ್ಕೆ ಕರಿ ಹಲಗೆ. ನನ್ನ ಗಂಡ ಶ್ರೀಧರ ಇಂಜಿನಿಯರು. "ಸೀಮೆಸುಣ್ಣ ಕೊಟ್ರೆ ನಾನೇ ಮೇಲೆ ಮಗ್ಗಿ ಬರೀತೀನಿ" ಎಂದು ತಮಾಷೆ ಮಾಡಿದ್ದರು. ಆದರೆ ಎರಡು ನಿಮಿಷ ಸುಮ್ಮನೆ ನಿಂತರೆ ಆ ಕಪ್ಪಿನೊಳಗೆ ಒಂದು ಬಾಗಿಲು ತೆರೆಯುತ್ತಿತ್ತು, ಅದರೊಳಗೆ ಇನ್ನೊಂದು. ಅಂಗಡಿಯಲ್ಲಿ ಸಿಗುವ ಕಪ್ಪು ಬಣ್ಣದ ಟ್ಯೂಬನ್ನು ಅವರು ಜನ್ಮದಲ್ಲಿ ಕೊಂಡವರಲ್ಲ. ಗಾಢ ನೀಲಿ, ಸುಟ್ಟ ಮಣ್ಣಿನ ಕಂದು, ಚೂರು ಹಸಿರು ಕಲೆಸಿ ತಮ್ಮ ಕಪ್ಪನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಒಂದು ಪದರ ಬಳಿದು, ಒಣಗಿಸಿ, ಕಾಲು ಉಜ್ಜುವ ಹಗುರ ಕಲ್ಲಿನಿಂದ ತಿಕ್ಕಿ, ಮತ್ತೆ ಬಳಿದು, ಮತ್ತೆ ತಿಕ್ಕಿ, ಹತ್ತು ಹನ್ನೆರಡು ಪದರ. ಐವಿ ಚಿಕ್ಕಮ್ಮ ಬಾಣಲೆ ತಿಕ್ಕಿದಾಗ ತಳದ ಮಸಿ ಪೂರ್ತಿ ಹೋಗದೆ ಒಳಗಿಂದ ಹೊಳೆಯುತ್ತಿತ್ತಂತೆ. ಅರವತ್ತು ವರ್ಷ ಅದೇ ಹೊಳಪಿನ ಬೆನ್ನು ಹತ್ತಿದ್ದರು.

ಗ್ರ್ಯಾನ್‌ವಿಲ್‌ನಲ್ಲಿ ಅವರ ಮನೆಯ ಗ್ಯಾರೇಜೇ ಸ್ಟುಡಿಯೋ. ಶನಿವಾರ ಮಧ್ಯಾಹ್ನ ಅಲ್ಲಿ ಪಾಠ. ಲೆಬನಾನಿನ ದರ್ಜಿ, ವಿಯೆಟ್ನಾಮಿನ ನರ್ಸು, ಆರ್ಟ್ ಸ್ಕೂಲು ಬಿಟ್ಟ ಹುಡುಗಿಯರು, ಹೀಗೆ ಹತ್ತು ಹನ್ನೆರಡು ಜನ. ಮೊದಲ ಪಾಠ ಯಾರಿಗಾದರೂ ಒಂದೇ: "ಹೋಗು, ನಿನ್ನದೊಂದು ಕಪ್ಪು ಮಾಡ್ಕೊಂಡು ಬಾ." ಮುಗಿದ ಮೇಲೆ ಹಲಗೆ ತಿರುಗಿಸಿ, ಯಾರಿಂದ ಏನು ಕಲಿತೆ ಬರೆ ಎನ್ನುತ್ತಿದ್ದರು. ಯಾರನ್ನೂ ಬರೆಯದವರಿಗೆ, "ಓ, ನೀನು ಮೊಟ್ಟೆ ಒಡ್ಕೊಂಡು ಬಂದೆಯೇನು?" ಎಂಬ ಮಂಗಳಾರತಿ.

ಫ್ರೇಮ್ ಅಂಗಡಿಯಲ್ಲಿ ಕೂತವಳಿಗೆ ಊರಿನ ಚಿತ್ರಗಾರರೆಲ್ಲರ ಮುಖವೂ ಬೆನ್ನೂ ಗೊತ್ತಾಗುತ್ತದೆ. ಎರಡು ಮೂರು ವರ್ಷದಲ್ಲಿ ನನ್ನ ಕಣ್ಣು ಪಳಗಿತು. ಯಾವ ಗ್ಯಾಲರಿಯಿಂದ ಏನು ಬಂದರೂ ಅದರಲ್ಲಿ ಆಂಬ್ರೋಸರ ಕಪ್ಪು ಇಣುಕುತ್ತಿತ್ತು. ನಾಟಕದ ಪೋಸ್ಟರಿನಲ್ಲಿ, ಪರದೆ ಬಟ್ಟೆಯ ಅಚ್ಚಿನಲ್ಲಿ, ಹೋಟೆಲಿನ ಗೋಡೆಗೆಂದು ಬರೆಸಿದ ಚಿತ್ರದಲ್ಲಿ ಅದೇ ತಿಕ್ಕಿದ ಹೊಳಪು, ಅದೇ ಬಾಗಿಲೊಳಗಿನ ಬಾಗಿಲು. ಪ್ರತಿಸಲವೂ ತಿರುಗಿಸಿ ನೋಡುತ್ತಿದ್ದೆ. ಶನಿವಾರದ ಗುಂಪಿನವರದಾದರೆ ಬೆನ್ನ ಮೇಲೆ ಹೆಸರುಗಳಿರುತ್ತಿದ್ದವು. ದೊಡ್ಡವರೆನಿಸಿಕೊಂಡವರ ಬೆನ್ನು ಬೋಳು.

ಎಲ್ಲಕ್ಕಿಂತ ಬೋಳು ಬೆನ್ನು ಒಬ್ಬ ಮಹಾಶಯನದು. ಅವನ ಹೆಸರನ್ನು ನಾನು ಬರೆಯುವುದಿಲ್ಲ. ಅವನು ಇವರ ಹೆಸರು ಬರೆಯಲಿಲ್ಲ, ಮುಯ್ಯಿಗೆ ಮುಯ್ಯಿ. ಹುಡುಗನಾಗಿದ್ದಾಗ ಎರಡು ವರ್ಷ ಆಂಬ್ರೋಸರ ಗ್ಯಾರೇಜಿನಲ್ಲೇ ಮಲಗಿ, ಅವರ ಹೆಂಡತಿ ಮಾಡಿದ ಸೂಪು ಕುಡಿದು, ಕಪ್ಪು ಕಲೆಸಲು ಕಲಿತವನು. ಈಗ ಅವನ ಚಿತ್ರ ಪತ್ರಿಕೆಗಳಲ್ಲಿ, ಮಂತ್ರಿಗಳ ಕೋಣೆಗಳಲ್ಲಿ. ಆದರೂ ಆಗಾಗ ಒಂದು ಬಾಟಲಿ ವೈನ್ ಹಿಡಿದು ಬರುತ್ತಿದ್ದ. ಆಂಬ್ರೋಸ್ ಅವನಿಗೆ ಗ್ಯಾರೇಜಿನ ಬಾಗಿಲು ಅಗಲವಾಗಿ ತೆರೆಯುತ್ತಿದ್ದರು. ಅದಕ್ಕೆ ಇವರ ಮೇಲೂ ನನಗೆ ಕೋಪ.

"ಯಾಕೆ ಬಿಟ್ಕೋತೀರಿ ಅವನನ್ನ?"

"ಅವನ ಕೈ ಒಳ್ಳೇದು, ಮಿಸ್ ಮೈಸೂರ್. ಬುದ್ಧಿ ಒಂದಿನ ಬರುತ್ತೆ. ಒಂದಿನ ಬರೀತಾನೆ."

ಒಂದು ಯುಗಾದಿಗೆ ಆಂಬ್ರೋಸರನ್ನು ಮನೆಗೆ ಕರೆದೆ. ನಮ್ಮ ಕನ್ನಡದ ಬಳಗ ಏಳೆಂಟು ಮನೆ, ಎಲ್ಲರೂ ಡಾಕ್ಟರು, ಇಂಜಿನಿಯರು. ಇವರು ಒಳಗೆ ಬಂದೊಡನೆ ಗಂಡಸರೆಲ್ಲ ಮುತ್ತಿಕೊಂಡು ವೆಸ್ಟ್ ಇಂಡೀಸಿನ ಬೌಲಿಂಗಿನ ಬಗ್ಗೆ ಕೇಳತೊಡಗಿದರು. "ನಾನು ಜೀವಮಾನದಲ್ಲಿ ಚೆಂಡು ಮುಟ್ಟಿಲ್ಲ" ಎಂದರು ಆಂಬ್ರೋಸ್. ಅಲ್ಲಿಗೆ ಗಂಡಸರಿಗೆ ಅವರಲ್ಲಿದ್ದ ಆಸಕ್ತಿ ಮುಗಿಯಿತು.

ಊಟಕ್ಕೆ ಕೂತಾಗ ನಾನು ಒಳಗೆ ಹೋಳಿಗೆಗೆ ತುಪ್ಪ ಹಾಕುತ್ತಿದ್ದೆ. ಹೊರಗೆ ಬಂದು ನೋಡಿದರೆ ಎಲ್ಲರ ಮುಂದೆಯೂ ಸ್ಟೀಲ್ ತಟ್ಟೆ, ಆಂಬ್ರೋಸರ ಮುಂದೊಂದು ಕಾಗದದ ಪ್ಲೇಟು. ಇಟ್ಟವರು ವಿಮಲಾ ಆಂಟಿ, ಬಳಗದ ಹಿರಿಯರು, ಹಬ್ಬದ ಪೂಜೆಗೆ ಎಲ್ಲರ ಮನೆಗೂ ಬೇಕಾದವರು.

"ಆಂಟಿ, ಇದೇನಿದು?"

"ಏನಿಲ್ಲಮ್ಮ, ಅವರಿಗೆ ಸ್ಟೀಲ್ ಅಭ್ಯಾಸ ಇರುತ್ತೋ ಇಲ್ವೋ ಅಂತ."

ನನ್ನ ಮೈ ಉರಿಯಿತು. ಹಬ್ಬದ ದಿನ, ಹಿರಿಯರು ಎಂದು ನಾಲಿಗೆ ಕಚ್ಚಿಕೊಂಡೆ. ಆಂಬ್ರೋಸ್ ಹೋಳಿಗೆ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ ಎಲ್ಲವನ್ನೂ ನಿಧಾನವಾಗಿ ಮುಗಿಸಿದರು. ಪ್ಲೇಟನ್ನು ಚೊಕ್ಕವಾಗಿ ಒರೆಸಿ, ತಿರುಗಿಸಿ, ಜೇಬಿನ ಇದ್ದಿಲ ತುಂಡಿನಿಂದ ಬೆನ್ನ ಮೇಲೆ ಬರೆದರು: ಈ ಪ್ಲೇಟು: ಶ್ರೀಮತಿ ವಿಮಲಾ. ಕೆಳಗೆ ರುಜು ಹಾಕಿ ಎರಡೂ ಕೈಯಿಂದ ಆಂಟಿಗೆ ಕೊಟ್ಟರು.

"ಅಯ್ಯೋ, ಆಟೋಗ್ರಾಫ್!" ಎಂದು ಆಂಟಿ ಹಿಗ್ಗಿದರು. ಅದಕ್ಕೆ ಫ್ರೇಮ್ ಹಾಕಿಕೊಟ್ಟವಳೂ ನಾನೇ. ಅವರ ಲೌಂಜಿನಲ್ಲಿ ಅದು ಇಂದಿಗೂ ತೂಗುತ್ತಿದೆ, ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ.

ಅದೇ ಮಧ್ಯಾಹ್ನ ಮಕ್ಕಳನ್ನು ಕೂರಿಸಿ ಆರತಿ ಎತ್ತಬೇಕೆಂದು ತಟ್ಟೆಯಲ್ಲಿ ನೀರು ಹಾಕಿ, ಅರಿಶಿನ ಕದಡಿ, ಊರಿಂದ ತಂದ ಡಬ್ಬಿಯಿಂದ ಚಿಟಿಕೆ ಸುಣ್ಣ ಹಾಕಿದೆ. ಹಳದಿ ನೀರು ಕಣ್ಣೆದುರೇ ಕೆಂಪಾಯಿತು. ಪಕ್ಕದಲ್ಲಿ ನಿಂತಿದ್ದ ಆಂಬ್ರೋಸ್ ನನ್ನ ಮಣಿಕಟ್ಟು ಹಿಡಿದರು.

"ಏನು ಹಾಕಿದೆ? ಮತ್ತೆ ಮಾಡು."

ಮತ್ತೆ ಮಾಡಿದೆ. ಮತ್ತೆ, ಮತ್ತೆ. ಐದು ಲೋಟ ಆರತಿ ನೀರು ಸಿಂಕಿನ ಪಾಲಾಯಿತು.

"ಯಾರು ಕಲಿಸಿದ್ದು?"

"ನಮ್ಮಜ್ಜಿ. ಸೀತಮ್ಮ."

ಅರಿಶಿನದ ಬಣ್ಣ ಬಿಸಿಲಿಗೆ ಹಾರಿಹೋಗುತ್ತದೆ, ಚಿತ್ರಕ್ಕೆ ಬಾರದು. ಮೂರು ತಿಂಗಳು ಎಣ್ಣೆ ಬಣ್ಣದಲ್ಲಿ ಆ ಕೆಂಪನ್ನು ಹುಡುಕಿದರು. ಹುಡುಕಿ ಕಪ್ಪಿನ ತಳಕ್ಕೆ ಹಾಕಿದರು. ತಿಕ್ಕಿದ ಕಪ್ಪಿನ ಆಳದಿಂದ ಆರತಿ ತಟ್ಟೆಯ ಕೆಂಪು ಉಸಿರಾಡುತ್ತಿತ್ತು. ಮೊದಲ ಚಿತ್ರ ಫ್ರೇಮಿಗೆ ಬಂದಾಗ ತಿರುಗಿಸಿದೆ. ಐವಿಯ ಸಾಲಿನ ಕೆಳಗೆ ಹೊಸದೊಂದು ಸಾಲು: ಈ ಕೆಂಪು: ಮಿಸ್ ಮೈಸೂರ್, ಅವಳಿಗೆ ಅವಳ ಅಜ್ಜಿ ಸೀತಮ್ಮ, ಹಳದಿಗೆ ಸುಣ್ಣ. ಅಜ್ಜಿ ತೀರಿಕೊಂಡಾಗ ಟಿಕೆಟ್ ಸಿಗದೆ ನಾನು ಊರಿಗೆ ಹೋಗಿರಲಿಲ್ಲ. ಆ ಮರದ ಪಟ್ಟಿಯ ಮೇಲೆ ಕೈಯಿಟ್ಟು ಅಂಗಡಿಯಲ್ಲೇ ಅತ್ತೆ. ಈ ಸಲ ಸ್ಟಾವ್ರೋಸ್ ಬಾಗಿಲಿನ ಬೋರ್ಡು ತಿರುಗಿಸಿ ಸ್ವಲ್ಪ ಹೊತ್ತು ಅಂಗಡಿ ಮುಚ್ಚಿದ.

ಆ ಕೆಂಪು ಹುಟ್ಟಿದ ಮೇಲೆ ಮಹಾಶಯ ತಿಂಗಳಿಗೆರಡು ಸಲ ವೈನ್ ತರತೊಡಗಿದ. ವರ್ಷ ಕಳೆಯುವುದರೊಳಗೆ ಮೆಲ್ಬೋರ್ನಿನಲ್ಲಿ ಅವನ ದೊಡ್ಡ ಪ್ರದರ್ಶನ. ಪತ್ರಿಕೆಯ ಇಡೀ ಪುಟದಲ್ಲಿ ಅವನ ಫೋಟೋ, ಹಿಂದೆ ಕಪ್ಪು, ಕಪ್ಪಿನ ತಳದಲ್ಲಿ ನಮ್ಮಜ್ಜಿಯ ಆರತಿ. ಮರುಭೂಮಿಯಲ್ಲಿ ಒಬ್ಬನೇ ಕೂತಿದ್ದಾಗ ಈ ಕೆಂಪು ತನಗೆ ಒಲಿಯಿತು ಎಂದಿದ್ದ. ಒಲಿಯಿತಂತೆ! ನಮ್ಮ ಮನೆಯ ಸಿಂಕಿನಲ್ಲಿ ಐದು ಲೋಟ ಚೆಲ್ಲಿದ್ದು ಒಲಿಯಿತಂತೆ.

ಆಂಬ್ರೋಸ್ ಪತ್ರಿಕೆಯನ್ನು ಮಡಿಸಿದರು. "ಪತ್ರಿಕೆಯೋರು ಏನೋ ಬರ್ಕೋತಾರೆ. ಚಿತ್ರದ ಬೆನ್ನ ಮೇಲೆ ಬರೆದಿರ್ತಾನೆ. ನಾನು ಕಲಿಸಿದ ಹುಡುಗ, ಬರೆದೇ ಇರ್ತಾನೆ. ನನ್ನ ಕಣ್ಣು ಮಂಜು, ನೀನು ಬಂದು ಓದು."

ಹೀಗೆ ನಾವಿಬ್ಬರು ಹಗಲು ರೈಲಿನಲ್ಲಿ ಮೆಲ್ಬೋರ್ನಿಗೆ ಹೋದೆವು. ಅಲ್ಲೇ ಕ್ಲೇಟನ್‌ನಲ್ಲಿ ಓದುತ್ತಿದ್ದ ನನ್ನ ಚಿಕ್ಕಪ್ಪನ ಮಗ ರಘು ಮರುದಿನ ಜೊತೆಗೆ ಬಂದ. ಟ್ರಾಮಿನಲ್ಲಿ ನನ್ನ ಕಿವಿಯಲ್ಲಿ ಹೇಳಿದ: "ಅಕ್ಕಾ, ದಯವಿಟ್ಟು ಸೀನ್ ಮಾಡ್ಬೇಡ. ಇಲ್ಲೇ ನೆಲೆಸೋಕೆ ನನ್ನ ಪಿಆರ್ ಅಪ್ಲಿಕೇಶನ್ ಹೋಗಿದೆ. ಪೊಲೀಸ್ ಗಿಲೀಸ್ ಅಂದ್ರೆ ನನ್ನ ಕಥೆ ಮುಗೀತು."

ಗ್ಯಾಲರಿಯಲ್ಲಿ ಬಿಳಿ ಗೋಡೆ, ಸಣ್ಣ ದನಿಯ ಜನ. ಆಂಬ್ರೋಸ್ ಒಂದೊಂದೇ ಚಿತ್ರದ ಮುಂದೆ ನಿಂತು ತಲೆದೂಗಿದರು. "ಕೈ ಒಳ್ಳೇದು ಅಂದಿದ್ನಲ್ಲ." ಕೆಂಪಿದ್ದ ಸಣ್ಣ ಚಿತ್ರವೊಂದರ ಮುಂದೆ ನಿಂತರು. ಆಮೇಲೆ, ಅಡಿಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡುವವರ ಹಾಗೆ ಸಹಜವಾಗಿ, ಚಿತ್ರದ ಕೆಳಂಚು ಹಿಡಿದು ಗೋಡೆಯಿಂದ ಮುಂದಕ್ಕೆ ಎತ್ತಿದರು.

"ಬಗ್ಗು ಮಿಸ್ ಮೈಸೂರ್. ಓದು. ಏನು ಬರೆದಿದಾನೆ?"

ಬಗ್ಗಿದೆ. ಸುಕ್ಕಿಲ್ಲದ ಕಂದು ಕಾಗದ.

"ಕಾಗದ ಅಂಟಿಸಿದಾರೆ."

"ಹರಿ."

ನನ್ನ ಉಗುರು ಕಾಗದಕ್ಕೆ ತಾಕಿತ್ತು. ಅಷ್ಟರಲ್ಲಿ ಗಾರ್ಡ್ ಓಡಿಬಂದ. ಚಿತ್ರ ಬಿಡಿಸಿ ಆಂಬ್ರೋಸರ ತೋಳು ಹಿಡಿದು ನಮ್ಮತ್ತ ತಿರುಗಿದ. "ಇವರು ನಿಮ್ಮ ಜೊತೆ ಬಂದವರಾ?"

"ನೋ, ನೋ" ಎಂದ ರಘು.

ಗಾರ್ಡ್ ನನ್ನನ್ನು ನೋಡಿದ. ಆಂಬ್ರೋಸರೂ ನೋಡಿದರು. ನಾನು ನೆಲ ನೋಡಿದೆ.

ಅವರನ್ನು ಹೊರಗೆ ನಡೆಸಿಕೊಂಡು ಹೋದರು. ಹೋಗುತ್ತಾ ಅವರು ಆ ಸಣ್ಣ ದನಿಯ ಜನರ ನಡುವೆ ಏರುದನಿಯಲ್ಲಿ ಹೆಸರುಗಳನ್ನು ಕೂಗಿದರು. "ಐವಿ! ಟಾರು ಹಾಕಿದವರು! ಸೀತಮ್ಮ!" ನಮ್ಮಜ್ಜಿಯ ಹೆಸರನ್ನು ಆ ಗೋಡೆಗಳಿಗೆ ಕೇಳಿಸಿದ್ದು ಅವರು. ಮೊಮ್ಮಗಳ ಬಾಯಿಗೆ ಕಡುಬು ತುರುಕಿದಂತಾಗಿತ್ತು.

ರಘುವಿಗೆ ಪಿಆರ್ ಸಿಕ್ಕಿತು. ಅವನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡಲಿ? ಅವನು ಹೆದರಿದ್ದಕ್ಕೆ ಕಾರಣವಾದರೂ ಇತ್ತು. ನನ್ನ ಪಾಸ್‌ಪೋರ್ಟು ಆಗಲೇ ಈ ದೇಶದ್ದಾಗಿತ್ತು.

ಹಿಂತಿರುಗುವ ರೈಲಿನಲ್ಲಿ ಆಂಬ್ರೋಸ್ ಒಂದೇ ಒಂದು ಮಾತಾಡಿದರು. "ಆ ಕಾಗದ ಚೆನ್ನಾಗಿ ಅಂಟಿಸಿದ್ರು." ನಾನು ತಂದಿದ್ದ ಪುಳಿಯೋಗರೆಯ ಡಬ್ಬಿ ತೆರೆಯಲೇ ಇಲ್ಲ.

ಆಮೇಲೂ ಅವರು ಅಂಗಡಿಗೆ ಬರುತ್ತಿದ್ದರು, ಮಿಸ್ ಮೈಸೂರ್ ಎಂದೇ ಕರೆಯುತ್ತಿದ್ದರು. ಮೆಲ್ಬೋರ್ನಿನ ಮಾತು ಇಬ್ಬರೂ ಎತ್ತಲಿಲ್ಲ. ಎರಡು ವರ್ಷದ ಮೇಲೆ ಆಸ್ಪತ್ರೆಗೆ ಸೇರಿದರು. ಕೊನೆಯ ಸಲ ನೋಡಲು ಹೋದಾಗ ಸಾರು ಅನ್ನ ಕಲೆಸಿ ಒಯ್ದಿದ್ದೆ. ಎರಡು ಚಮಚ ತಿಂದು, "ಯಾರ ಕೈದು?" ಎಂದರು.

"ನಾಗತ್ತೆ ಕೈದು. ಚಾಮರಾಜನಗರ."

ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೆಂದು ಎದ್ದೆ. ಕಣ್ಣು ತೆರೆಯದೆ ಹೇಳಿದರು: "ಹರೀಬಹುದಿತ್ತು ನೀನು."

ಹೋಗಲಿ ಬಿಡು ಎನ್ನುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದು ನಿಂತೆ. ಅನ್ನಲಿಲ್ಲ. ಮೂರನೆಯ ದಿನ ಹೋಗಿಬಿಟ್ಟರು.

ಮಣ್ಣಿಗೆ ಹನ್ನೊಂದು ಜನ ಸೇರಿದ್ದೆವು. ಮಹಾಶಯ ಬರಲಿಲ್ಲ, ಗಾಡಿಯ ಚಕ್ರದಷ್ಟು ದೊಡ್ಡ ಹೂವಿನ ಹಾರ ಕಳಿಸಿದ್ದ. ಅದರ ಮೇಲೆ ಚೀಟಿ, ಚೀಟಿಯಲ್ಲಿ ತನ್ನ ಹೆಸರು. ಅದೊಂದು ಕಡೆ ಮಾತ್ರ ಹೆಸರು ಬರೆಯಲು ಮರೆತಿರಲಿಲ್ಲ.

ಮುಂದಿನ ವರ್ಷ ಪ್ಯಾರಮಟ್ಟಾದ ವಕೀಲರ ಆಫೀಸೊಂದು ಅವನ ಚಿತ್ರವೊಂದನ್ನು ಹೊಸ ಫ್ರೇಮಿಗೆಂದು ನಮ್ಮ ಅಂಗಡಿಗೆ ಕಳಿಸಿತು. ಕಪ್ಪು, ತಳದಲ್ಲಿ ಕೆಂಪು. ಮೇಜಿನ ಮೇಲೆ ಬೋರಲು ಹಾಕಿದೆ. ಹೆಬ್ಬೆರಳ ಉಗುರು ಚುಚ್ಚಿ ಹಳೆಯ ಕಾಗದವನ್ನು ಈ ತುದಿಯಿಂದ ಆ ತುದಿಗೆ ಹರಿದೆ. ಒಳಗೆ ಮರದ ಪಟ್ಟಿ ಬೋಳಾಗಿತ್ತು. ಒಂದು ಗೀಟೂ ಇಲ್ಲ.

ಪೆನ್ಸಿಲ್ ತೆಗೆದುಕೊಂಡು ಬರೆಯಲು ಕೂತೆ. ಇನ್ನೊಬ್ಬರ ಸೊತ್ತಿನ ಮೇಲೆ ಬರೆಯುವುದು ತಪ್ಪು, ಕೆಲಸ ಹೋಗುವಂಥ ತಪ್ಪು. ಗೊತ್ತಿದ್ದೇ ಬರೆದೆ. ಹಿಂದೆ ನೆರಳು ಬಿತ್ತು. ಸ್ಟಾವ್ರೋಸ್ ನನ್ನ ಭುಜದ ಮೇಲಿಂದ ಓದುತ್ತಿದ್ದ. ಎರಡನೆಯ ಸಾಲಿಗೆ ಬಂದಾಗ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡ.

"ಇದು ಅಳಿಸಿಹೋಗುತ್ತೆ ಕಣಮ್ಮ" ಎಂದು ತನ್ನ ಶಾಯಿ ಪೆನ್ನು ಕೊಟ್ಟ.

ಬರೆದು ಮುಗಿಸಿ, ಒಣಗಿದ ಮೇಲೆ, ಮೇಲೊಂದು ಕಂದು ಕಾಗದ ಅಂಟಿಸಿದೆ. ಸುಕ್ಕಿಲ್ಲದಂತೆ.

ನಾಲ್ಕು ವರ್ಷದ ಮೇಲೆ ಅಂಗಡಿಗೆ ಮೆಲ್ಬೋರ್ನಿನಿಂದ ಒಂದು ಫೋನ್ ಬಂತು. ಯಾವುದೋ ಪ್ರದರ್ಶನಕ್ಕೆ ಚಿತ್ರಗಳನ್ನು ಸಿದ್ಧಪಡಿಸುತ್ತಿದ್ದ ಹುಡುಗಿ, ಎಳೆಯ ದನಿ. ಒಂದು ಚಿತ್ರದ ಹಿಂದೆ ನಿಮ್ಮ ಅಂಗಡಿಯ ಚೀಟಿ ಇದೆ, ಕಾಗದ ಬಿಚ್ಚಿದರೆ ಒಳಗೆ ಏನೋ ಬರೆದಿದೆ, ಕಲಾವಿದರ ಅಕ್ಷರವಲ್ಲ, ಯಾರದೆಂದು ಗೊತ್ತೇ ಎಂದು ಕೇಳಿದಳು.

"ನನ್ನದು" ಎಂದೆ.

ಅವಳು ಐವಿಯಿಂದ ಸೀತಮ್ಮನವರೆಗೆ ಹೆಸರುಗಳನ್ನು ಒಂದೊಂದಾಗಿ ಓದಿದಳು. "ಇವರೆಲ್ಲ ನಿಜವಾಗ್ಲೂ ಇದ್ದವರಾ?"

"ಇದ್ದವರು. ಒಬ್ಬೊಬ್ಬರದೂ ಹೇಳ್ತೀನಿ."

"ಒಂದು ನಿಮಿಷ ಇರಿ" ಎಂದಳು. "ಪೆನ್ನು ತಗೊಂಡು ಬರ್ತೀನಿ."